ಗೊಣಗಾಟಕ್ಕೆ ತಾರೀಖಿಲ್ಲ

ನಾಯಕನಹಟ್ಟಿಯಲ್ಲಿ ಬಸ್ಸಿಳಿದು ಯಾವ ಹೋಟೆಲಿನ ಬೆಂಚಿನ ಮೇಲೆ ಕುಂತರೂ ಸರಿ, ಅರ್ಧ ಗಂಟೆಯೊಳಗೆ ಈ ನಾಡಿನ ಕಷ್ಟವೆಲ್ಲ ನಿಮ್ಮ ಕಿವಿಗೆ ಬಿದ್ದಿರುತ್ತದೆ. ಮಳೆ ಬರಲಿಲ್ಲ. ಶೇಂಗಾ ಕೈ ಕೊಟ್ಟಿತು. ಬಂದ ಪರಿಹಾರ ಇನ್ಯಾರದೋ ಖಾತೆಗೆ ಹೋಯಿತು. ಹಾಸ್ಟೆಲ್ಲಿನ ಹುಡುಗರಿಗೆ ನೀರಿನಂಥ ಸಾರು ಹಾಕ್ತಾರೆ. ನಲ್ಲಿ ನೀರು ಊರೊಳಗೇ ನಿಂತುಬಿಡುತ್ತೆ, ಕೇರಿಗೆ ಬರೋದೇ ಇಲ್ಲ. 'ಏನ್ ಮಾಡಾದಪ್ಪ, ನಮ್ದನ್ನ ಯಾರ್ ಕೇಳ್ತಾರೆ' ಅಂತ ಒಬ್ಬ. 'ನಮ್ ಹಣೇಬರ ಅಂಗೈತೆ ಬಿಡು' ಅಂತ ಇನ್ನೊಬ್ಬ. ಚಾ ಮುಗಿಯುತ್ತದೆ, ಬೀಡಿ ಮುಗಿಯುತ್ತದೆ, ಬೆಂಚು ಖಾಲಿಯಾಗುತ್ತದೆ. ಮಾರನೇ ದಿನ ಅದೇ ಬೆಂಚು, ಅದೇ ಜನ, ಅದೇ ಮಾತು.

ಆ ಬೆಂಚಿನ ಎದುರಿನ ಗೋಡೆ ಮೇಲೆ, ಹಾದುಹೋಗುವ ಆಟೋದ ಬೆನ್ನ ಮೇಲೆ, ಟ್ರ್ಯಾಕ್ಟರಿನ ಮೂತಿ ಮೇಲೆ ತಿಪ್ಪೇರುದ್ರಸ್ವಾಮಿಯ ಮಾತು ಬರೆದಿರುತ್ತದೆ: ಮಾಡಿದಷ್ಟು ನೀಡು ಭಿಕ್ಷೆ. ಈ ಸೀಮೆಯಲ್ಲಿ ಅಕ್ಷರ ಬಾರದವರಿಗೂ ಬರುವ ಮಾತು ಇದು. ಹುಟ್ಟಿದಾಗಿಂದ ಓದುತ್ತಾ ಬಂದಿದ್ದೇವೆ. ಓದಿ ಓದಿ ಅದರ ಅರ್ಥವನ್ನೇ ತಿರುವಿ ಹಾಕಿಕೊಂಡಿದ್ದೇವೆ.

ನಮಗೆ ಹೇಳಿಕೊಟ್ಟ ಅರ್ಥ ಏನು? 'ನೀನು ಹಿಂದೆ ಏನು ಮಾಡಿದ್ದೀಯೋ ಅದನ್ನು ಈಗ ಅನುಭವಿಸ್ತಿದೀಯ.' ಅದು ಸ್ವಾಮಿಯ ಮಾತಲ್ಲ. ಅದು 'ಮಾಡಿದ್ದುಣ್ಣೋ ಮಹಾರಾಯ' ಅನ್ನೋ ಗಾದೆ. ಎರಡಕ್ಕೂ ನೆಲ ಮುಗಿಲಿನ ಅಂತರ ಇದೆ. ಗಾದೆಯಲ್ಲಿ 'ಉಣ್ಣು' ಅಂತ ಇದೆ, ಅದು ಹಸಿದವನಿಗೆ ಹೇಳುವ ಮಾತು, ಬಾಯಿ ಮುಚ್ಚಿಸುವ ಮಾತು. ಸ್ವಾಮಿಯ ಮಾತಿನಲ್ಲಿ 'ನೀಡು' ಅಂತ ಇದೆ. ನೀಡು ಅಂತ ಯಾರಿಗೆ ಹೇಳ್ತಾರೆ? ಕೈಯಲ್ಲಿ ಇರುವವನಿಗೆ. ಮಾಡಿದವನಿಗೆ ಮಾಡಿದಷ್ಟನ್ನು ನೀಡು, ಅಳತೆ ತಪ್ಪಿಸಬೇಡ ಅಂತ. ಕನ್ನಡ ಮೇಷ್ಟ್ರಾಗಿ ಇಷ್ಟು ವ್ಯಾಕರಣ ಹೇಳದೆ ಹೋದರೆ ನಾನು ತಗೊಳ್ಳುವ ಸಂಬಳ ದಂಡ.

ಊರಿನ ಕಥೆಯೂ ಹಾಗೇ ಇದೆ. ಸ್ವಾಮಿ ಈ ಬರದ ಸೀಮೆಯಲ್ಲಿ ಕೆರೆ ಕಟ್ಟಿಸಿದರಂತೆ. ಸಂಜೆ ಕೂಲಿಯವರು ತಲೆಗೊಂದು ಮರಳಿನ ಗುಡ್ಡೆ ಮಾಡಬೇಕಂತೆ. ಯಾರು ಎಷ್ಟು ಮಣ್ಣು ಹೊತ್ತಿದ್ದರೋ ಅವರ ಗುಡ್ಡೆಯಲ್ಲಿ ಅಷ್ಟೇ ದುಡ್ಡು ಸಿಗುತ್ತಿತ್ತಂತೆ. ಪವಾಡವನ್ನು ಪಕ್ಕಕ್ಕಿಡಿ. ಉಳಿಯೋದು ಏನು? ಅವತ್ತವತ್ತಿನ ಕೂಲಿ ಅವತ್ತವತ್ತೇ, ಜಾತಿ ನೋಡದೆ, ಕೆಲಸ ನೋಡಿ. ಇದು ಮುಕ್ತಿಯ ಮಾತಲ್ಲ, ಕೂಲಿಯ ಲೆಕ್ಕ. ಜಂಗಮರಾದ್ದರಿಂದ ಅವರು ಭಿಕ್ಷೆ ಅಂದರು. ನಾವು ಅದನ್ನು ಕೂಲಿ ಅನ್ನುತ್ತೇವೆ. ಹಕ್ಕು ಅನ್ನುತ್ತೇವೆ.

ಈಗ ನೋಡಿ. ಫಾಲ್ಗುಣದಲ್ಲಿ ತೇರು. ಬಿಸಿಲಲ್ಲಿ ಲಕ್ಷಗಟ್ಟಲೆ ಜನ. ಕೊಬ್ಬರಿ ಸುಡುವ ಹೊಗೆ ಮುಗಿಲಿಗೆ ಮುಟ್ಟುತ್ತದೆ. ಮುಕ್ತಿ ಬಾವುಟವನ್ನು ಹರಾಜು ಕೂಗುತ್ತಾರೆ, ಲಕ್ಷಗಟ್ಟಲೆ ರೂಪಾಯಿಗೆ ಉಳ್ಳವರು ಹಿಡಿಯುತ್ತಾರೆ. ಮುಕ್ತಿಗೂ ಹರಾಜಾದ ಮೇಲೆ ಮರಳಿನ ಗುಡ್ಡೆಯ ಲೆಕ್ಕ ಕೇಳೋರು ಯಾರು? ನಾವು ಕೇಳಬೇಕಿತ್ತು. ನಾವು ಬೆಂಚಿನ ಮೇಲೆ ಕುಂತಿದ್ದೆವು.

ಇಲ್ಲಿ ಒಂದು ಮಾತನ್ನು ಬಿಡಿಸಿ ಹೇಳಬೇಕು. ಇಲ್ಲದಿದ್ದರೆ ನನ್ನ ಮಾತನ್ನು ಬೇರೆಯವರು ಎತ್ತಿಕೊಂಡು ಹೋಗುತ್ತಾರೆ. 'ಸುಮ್ನೆ ಗೊಣಗಬೇಡ್ರಿ, ಕೆಲಸ ಮಾಡ್ರಿ, ಮುಂದೆ ಬರ್ರಿ' ಅಂತ ನಮಗೆ ಬುದ್ಧಿ ಹೇಳುವವರು ಬಹಳ ಜನ ಇದ್ದಾರೆ. ಅವರ ಹೊಲ ಉತ್ತವರು ನಾವು, ಅವರ ಕಣ ಹಸನು ಮಾಡಿದವರು ನಾವು, ಅವರ ಸತ್ತ ದನ ಹೊತ್ತವರು ನಾವು, ಅವರ ಹಬ್ಬಕ್ಕೆ ತಮಟೆ ಬಡಿದವರು ನಾವು. ಕೆಲಸ ಮಾಡ್ರಿ ಅಂತ ನಮಗೇ ಹೇಳುವುದಕ್ಕೆ ಅವರ ನಾಲಿಗೆ ಹೇಗೆ ಹೊರಳುತ್ತದೋ! ನಾವು ಮಾಡದೆ ಉಳಿಸಿರುವುದು ಒಂದೇ ಕೆಲಸ, ಲೆಕ್ಕ ಕೇಳುವ ಕೆಲಸ. ನಾನು ಹೇಳುತ್ತಿರುವುದು ಅದನ್ನೇ. ಲೆಕ್ಕ ಕೇಳಿದರೆ ಇದೇ ಬುದ್ಧಿವಂತರು 'ಊರಲ್ಲಿ ಶಾಂತಿ ಕೆಡಿಸ್ತಾರೆ' ಅನ್ನುತ್ತಾರೆ, ನೋಡ್ತಾ ಇರಿ.

ಗೊಣಗೋದು ಬೇರೆ, ದೂರು ಕೊಡೋದು ಬೇರೆ. ಗೊಣಗಾಟಕ್ಕೆ ತಾರೀಖಿಲ್ಲ, ಸಹಿ ಇಲ್ಲ, ಯಾರಿಗೆ ಅನ್ನುವ ವಿಳಾಸ ಇಲ್ಲ. ಅದು ಬೀಡಿ ಹೊಗೆ ಹೋದ ಹಾಗೆ ಹೋಗುತ್ತದೆ. ದೂರಿಗೆ ತಾರೀಖು ಇದೆ, ಸರ್ವೆ ನಂಬರು ಇದೆ, ಹೆಬ್ಬೆಟ್ಟು ಇದೆ, ಟಪಾಲು ಗುಮಾಸ್ತ ಹಾಕಿದ ಸೀಲು ಇದೆ. ಗೊಣಗುವವನನ್ನು ಕಂಡರೆ ಸಾಹುಕಾರನಿಗೆ ಭಯವಿಲ್ಲ. ಭಯವಿಲ್ಲ ಏನು, ಇಷ್ಟ. ಗೊಣಗಿದವನಿಗೆ ಎದೆ ಹಗುರಾಗಿ ನಾಳೆ ಕೆಲಸಕ್ಕೆ ಸರಿಯಾಗಿ ಬರುತ್ತಾನೆ. ಸೀಲು ಬಿದ್ದ ಕಾಗದ ಹಿಡಿದವನನ್ನು ಕಂಡರೆ ಮಾತ್ರ ಅವನು ಕುಂತ ಕುರ್ಚಿಯಿಂದ ಏಳುತ್ತಾನೆ.

ಇದನ್ನು ನಾನು ಪುಸ್ತಕದಲ್ಲಿ ಓದಿ ಕಲಿಯಲಿಲ್ಲ. ನಮ್ಮ ಮನೆಯಲ್ಲೇ ಕಲಿತೆ, ತಡವಾಗಿ ಕಲಿತೆ.

ನಮ್ಮ ತಾತನಿಗೆ ದರಖಾಸ್ತಿನಲ್ಲಿ ಎರಡು ಎಕರೆ ಚಿಲ್ಲರೆ ಮಂಜೂರಾಗಿತ್ತು. ಕಲ್ಲು ಆರಿಸಿ, ಬದು ಹಾಕಿ, ಅದನ್ನು ಹೊಲ ಅಂತ ಮಾಡಿದವರು ಅವರೇ. ಒಂದು ಬರದ ವರ್ಷ, ಅತ್ತೆಯ ಮದುವೆ ಸಾಲ. ಒಂದು ಖಾಲಿ ಕಾಗದ, ಒಂದು ಹೆಬ್ಬೆಟ್ಟು. ಹೊಲ ಊರೊಳಕ್ಕೆ ಹೋಯಿತು. ತಾತ ಅದೇ ಹೊಲಕ್ಕೆ ಕೂಲಿಗೆ ಹೋದರು. ಅಪ್ಪ ಬದುಕಿರುವವರೆಗೂ ಆ ಹೊಲದ ಪಕ್ಕ ಹಾಯುವಾಗಲೆಲ್ಲ 'ಇದು ನಮ್ದಾಗಿತ್ತು ಕಣ್ಲಾ' ಅನ್ನುತ್ತಿದ್ದರು. ಒಂದು ದಿನವೂ ಕಚೇರಿ ಮೆಟ್ಟಿಲು ಹತ್ತಲಿಲ್ಲ. ಅಪ್ಪನಿಗೆ ಅಕ್ಷರ ಬರುತ್ತಿರಲಿಲ್ಲ, ಅದಕ್ಕೆ ನಾನು ಅವರನ್ನು ದೂರುವುದಿಲ್ಲ. ನನಗೆ ಅಕ್ಷರ ಬಂತಲ್ಲ, ನಾನು ಏನು ಮಾಡಿದೆ? ಕಾಲೇಜಿನಲ್ಲಿದ್ದಾಗ ಆ ಹೊಲದ ಮೇಲೆ ಒಂದು ಕವಿತೆ ಬರೆದೆ. ಕವಿತೆ ಅಚ್ಚಾಯಿತು. ಗೆಳೆಯರು ಬೆನ್ನು ತಟ್ಟಿದರು. ಅದನ್ನು ಅಪ್ಪನಿಗೆ ಓದಿ ಹೇಳಿದೆ. ಅಪ್ಪ ಕೇಳಿ, ಸ್ವಲ್ಪ ಹೊತ್ತು ಸುಮ್ಮನಿದ್ದು, 'ಇದನ್ನ ಕೊಟ್ರೆ ಹೊಲ ಬಿಡ್ತಾರೇನೋ?' ಅಂದರು.

ನಾನು ನಕ್ಕೆ. ಅದು ಗೇಲಿ ಅಂದುಕೊಂಡೆ. ಅವರು ನಿಜವಾಗಿ ಕೇಳಿದ್ದರು. ಓದಿದ ಮಗ ಕಾಗದ ಬರೆದಿದ್ದಾನೆ, ಅಂದರೆ ಅದು ಅರ್ಜಿಯೇ ಇರಬೇಕು ಅಂತ ಅವರು ನಂಬಿದ್ದರು.

ಆ ಹೊತ್ತಿಗೆ ಕಾನೂನು ಬಂದು ಎಷ್ಟೋ ವರ್ಷವಾಗಿತ್ತು. ದೇವರಾಜ ಅರಸು ಅವರ ಕಾಲದ 1978ರ ಕಾಯಿದೆ, ಪರಿಶಿಷ್ಟ ಜಾತಿ ಮತ್ತು ಪಂಗಡಗಳ ಕೆಲವು ಜಮೀನುಗಳ ಪರಭಾರೆ ನಿಷೇಧ ಕಾಯಿದೆ. ಕಚೇರಿಯವರ ಬಾಯಲ್ಲಿ ಪಿಟಿಸಿಎಲ್. 1979ರ ಜನವರಿ 1ರಿಂದ ಜಾರಿಯಲ್ಲಿದೆ. ನಮ್ಮವರಿಗೆ ಸರ್ಕಾರ ಮಂಜೂರು ಮಾಡಿದ ಭೂಮಿಯನ್ನು ಮಂಜೂರಾತಿಯ ಷರತ್ತು ಮೀರಿ ಕೊಂಡಿದ್ದರೆ ಆ ಪರಭಾರೆ ಅಸಿಂಧು. ಕಾಯಿದೆ ಬರುವುದಕ್ಕೆ ಮುಂಚೆ ಕೊಂಡಿದ್ದರೂ ಅಸಿಂಧು. ಉಪವಿಭಾಗಾಧಿಕಾರಿ ಭೂಮಿಯನ್ನು ಬಿಡಿಸಿ ಮೂಲ ಮಂಜೂರಿದಾರನಿಗೆ, ಅವನಿಲ್ಲದಿದ್ದರೆ ಅವನ ವಾರಸುದಾರರಿಗೆ ಕೊಡಬೇಕು. ಉಳ್ಳವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1984ರಲ್ಲಿ ಮಂಚೇಗೌಡ ಪ್ರಕರಣದಲ್ಲಿ ಕೋರ್ಟು ಕಾಯಿದೆಯನ್ನು ಎತ್ತಿಹಿಡಿಯಿತು. ಇಷ್ಟೆಲ್ಲ ಆಗುವಾಗ ನಮ್ಮಪ್ಪ ಬದುವಿನ ಮೇಲೆ ನಿಂತು ಗೊಣಗುತ್ತಿದ್ದರು. ನಾನು ಕವಿತೆ ಬರೆಯುತ್ತಿದ್ದೆ.

ಕೊನೆಗೆ ಅರ್ಜಿ ಹಾಕಿದೆವು. ವಕೀಲರು ಕೇಳಿದ ಮೊದಲ ಪ್ರಶ್ನೆ, 'ಕ್ರಯ ಆಗಿ ಎಷ್ಟು ವರ್ಷ ಆತು?' ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. ನಮ್ಮ ಅರ್ಜಿ ವಿಚಾರಣೆಯಲ್ಲಿರುವಾಗಲೇ, 2017ರ ಅಕ್ಟೋಬರಿನಲ್ಲಿ, ನೆಕ್ಕಂಟಿ ರಾಮಲಕ್ಷ್ಮಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು: ಕಾಯಿದೆಯಲ್ಲಿ ಕಾಲಮಿತಿ ಬರೆದಿಲ್ಲದಿದ್ದರೂ ನ್ಯಾಯವಾದ ಅವಧಿಯೊಳಗೆ ಬರಬೇಕು, ಇಪ್ಪತ್ತೈದು ವರ್ಷ ಬಿಟ್ಟು ಬಂದರೆ ಆಗದು. ಆ ತೀರ್ಪನ್ನು ಹಿಡಿದುಕೊಂಡು ರಾಜ್ಯದ ಉದ್ದಗಲಕ್ಕೂ ಅರ್ಜಿಗಳು ಬಿದ್ದವು. ನಮ್ಮದೂ ಬಿತ್ತು. ಒಂದು ಪುಟದ ಆದೇಶ. ಕಾರಣ, ವಿಳಂಬ.

ನಾನು ಆ ತೀರ್ಪನ್ನು ಒಪ್ಪುವುದಿಲ್ಲ. ಅಕ್ಷರ ಕೊಡದೆ, ಭಯದಲ್ಲಿಟ್ಟು, ಕೂಲಿಗೆ ಕಟ್ಟಿಹಾಕಿ, ಆಮೇಲೆ 'ಯಾಕೆ ತಡವಾಗಿ ಬಂದೆ' ಅನ್ನುವುದು ಎಂಥ ನ್ಯಾಯ? ಕಾಲು ಮುರಿದವನಿಗೆ ಓಟದ ಸ್ಪರ್ಧೆ ಇಟ್ಟ ಹಾಗೆ. ಆದರೆ ಗೆಳೆಯರೇ, ಕೋರ್ಟನ್ನು ಬೈದು ಮನೆಗೆ ಹೋಗಿ ಮಲಗಿದರೆ ಅದೂ ಬೆಂಚಿನ ಕೆಲಸವೇ. ಆ ತೀರ್ಪಿನಲ್ಲಿ ನನಗೆ ಚುಚ್ಚಿದ ಪ್ರಶ್ನೆ ಇನ್ನೊಂದು. ಅಪ್ಪನ ಗೊಣಗಾಟದ ಅಷ್ಟೂ ವರ್ಷಗಳಲ್ಲಿ ಒಂದೇ ಒಂದು ದಿನ ಯಾರಾದರೂ ಒಂದು ಹಾಳೆ ಬರೆದು ಸೀಲು ಹಾಕಿಸಿದ್ದರೆ? ಬರೆಯಲು ಬರುವವರು ಕೇರಿಯಲ್ಲಿ ಇರಲಿಲ್ಲವೇ? ಇದ್ದೆವು. ಶಾಲೆಯಲ್ಲಿ ಇದ್ದೆವು, ಕಾಲೇಜಿನಲ್ಲಿ ಇದ್ದೆವು, ಸಂಘದಲ್ಲಿ ಇದ್ದೆವು.

ಓದಿದವರು ಕೇಳಿಸಿಕೊಳ್ಳಬೇಕಾದ ವಿಷಯ ಇದು. ಕಾಯಿದೆಯ ಐದನೇ ಕಲಮು ಏನು ಹೇಳುತ್ತದೆ ಗೊತ್ತೇ? ಸಂಬಂಧಪಟ್ಟವರು ಅರ್ಜಿ ಕೊಟ್ಟರೂ ಆಯಿತು, ಯಾವುದೇ ವ್ಯಕ್ತಿ ಬರವಣಿಗೆಯಲ್ಲಿ ಮಾಹಿತಿ ಕೊಟ್ಟರೂ ಆಯಿತು, ಅಧಿಕಾರಿ ತಾನೇ ಕೈಗೆತ್ತಿಕೊಂಡರೂ ಆಯಿತು. ಯಾವುದೇ ವ್ಯಕ್ತಿ! ಹೊಲ ಕಳೆದುಕೊಂಡ ಮುದುಕನೇ ಸಾಹುಕಾರನ ಎದುರು ನಿಲ್ಲಬೇಕು ಅಂತ ಕಾಯಿದೆ ಕೇಳಲಿಲ್ಲ. ಆ ಮುದುಕನ ಭಯ ಗೊತ್ತಿದ್ದವರೇ ಆ ಸಾಲನ್ನು ಬರೆದಿದ್ದಾರೆ. ಅದು ನಮಗಾಗಿ ಬರೆದ ಸಾಲು, ಮೇಷ್ಟ್ರುಗಳಿಗೆ, ವಿದ್ಯಾರ್ಥಿಗಳಿಗೆ. ನಾವು ಅದನ್ನು ಓದಲೇ ಇಲ್ಲ. ನಾವು ಶೋಷಣೆಯ ಬಗ್ಗೆ ಭಾಷಣ ಮಾಡುತ್ತಿದ್ದೆವು.

ಆದರೆ ಎಲ್ಲರೂ ಬೆಂಚಿನ ಮೇಲೇ ಕೂರಲಿಲ್ಲ. ಭೂಮಿ ಕಳೆದುಕೊಂಡವರು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ತಿಂಗಳುಗಟ್ಟಲೆ ಧರಣಿ ಕುಂತರು. ಹಳ್ಳಿ ಜನ, ಮುದುಕರು, ಹೆಂಗಸರು. ಟಿವಿಯವರು ಅತ್ತ ತಿರುಗಿ ನೋಡಿದ್ದು ಕಡಿಮೆ. ಅವರು ಎದ್ದು ಬರಲಿಲ್ಲ. 2023ರಲ್ಲಿ ವಿಧಾನಮಂಡಲ ಕಾಯಿದೆಗೆ ತಿದ್ದುಪಡಿ ತಂದು, ಈ ಅರ್ಜಿಗಳಿಗೆ ಕಾಲಮಿತಿ ಇಲ್ಲ ಅಂತ ಸೇರಿಸಿತು. ಕೋರ್ಟುಗಳಲ್ಲಿ ವಿಳಂಬದ ವಾದ ಅಲ್ಲಿಗೆ ಮುಗಿದಿಲ್ಲ, ಎಳೆದಾಟ ನಡೆದೇ ಇದೆ. ನಮ್ಮ ಮೇಲ್ಮನವಿಯೂ ಆ ಎಳೆದಾಟದಲ್ಲೇ ಇದೆ. ಬಾಗಿಲು ಪೂರಾ ತೆರೆದಿಲ್ಲ ನಿಜ, ಆದರೆ ಅದನ್ನು ಇಷ್ಟಾದರೂ ಸರಿಸಿದ್ದು ಧರಣಿ ಕುಂತವರ ಭುಜ.

ಭಯದ ಮಾತನ್ನು ಹಾರಿಸಿ ಹೋಗುವುದು ಸುಳ್ಳಾಗುತ್ತದೆ. ಸಂಬಳ ಬರುವ ನಾನು ಬರೆಯುವುದು ಸುಲಭ. ದಿನಗೂಲಿಯ ಅಣ್ಣ ಅರ್ಜಿ ಕೊಟ್ಟರೆ ನಾಳೆಯಿಂದ ಅವನನ್ನು ಕೂಲಿಗೆ ಕರೆಯುವುದಿಲ್ಲ. ಬೋರಿನ ನೀರು ನಿಲ್ಲುತ್ತದೆ. ಹೊಲದ ದಾರಿಗೆ ಮುಳ್ಳು ಬೀಳುತ್ತದೆ. ಅಂಗಡಿಯಲ್ಲಿ ಉದ್ರಿ ಸಿಗುವುದಿಲ್ಲ. ಗೊಣಗಾಟ ಹುಟ್ಟುವುದು ಸೋಮಾರಿತನದಿಂದ ಅಲ್ಲ, ಇಲ್ಲಿಂದ. ಒಬ್ಬನೇ ಇದ್ದಾಗ ಗೊಣಗುವುದೇ ಅವನಿಗೆ ಉಳಿದ ಧೈರ್ಯ. ಅದನ್ನು ಹೀಯಾಳಿಸುವ ಹಕ್ಕು ನನಗಿಲ್ಲ. ನಾನು ಹೀಯಾಳಿಸುತ್ತಿರುವುದು ಮುಳ್ಳು ಬಿದ್ದರೂ ಊಟ ನಿಲ್ಲದವರ ಗೊಣಗಾಟವನ್ನು. ತಿಂಗಳ ಮೊದಲ ವಾರಕ್ಕೆ ಸಂಬಳ ಬರುವವರ ಗೊಣಗಾಟವನ್ನು.

ಕರ್ನಾಟಕದಲ್ಲಿ ದಲಿತ ಚಳವಳಿ ಹುಟ್ಟಿದ್ದೇ ಈ ಮಾತು ಅರ್ಥವಾದವರಿಂದ. 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಬಸವಲಿಂಗಪ್ಪನವರು ಕನ್ನಡ ಸಾಹಿತ್ಯದಲ್ಲಿ ಬೂಸಾ ಇದೆ ಅಂದಾಗ ನಮ್ಮ ಹುಡುಗರಿಗೆ ಹಾಸ್ಟೆಲುಗಳಲ್ಲಿ, ಬೀದಿಗಳಲ್ಲಿ ಏಟು ಬಿತ್ತು. ಬಸವಲಿಂಗಪ್ಪನವರ ಮಂತ್ರಿಗಿರಿ ಹೋಯಿತು. ಅಯ್ಯೋ ಅಂತ ಅತ್ತು ಮನೆಗೆ ಹೋಗಬಹುದಿತ್ತು. ಹೋಗಲಿಲ್ಲ. ಭದ್ರಾವತಿಯ ಕಾಲೇಜಿನಲ್ಲಿ ಕನ್ನಡ ಪಾಠ ಮಾಡುತ್ತಿದ್ದ ಒಬ್ಬ ಮೇಷ್ಟ್ರು ಜನರನ್ನು ಕೂಡಿಸಿದರು. ಪ್ರೊಫೆಸರ್ ಬಿ. ಕೃಷ್ಣಪ್ಪ, ಹರಿಹರದವರು. ಆಗ ಹರಿಹರವೂ ನಮ್ಮ ಚಿತ್ರದುರ್ಗ ಜಿಲ್ಲೆಗೇ ಸೇರಿತ್ತು. ಸಂಬಳ ಬರುತ್ತಿದ್ದ ಮೇಷ್ಟ್ರು, ಸಂಬಳ ಇಲ್ಲದವನ ಪರವಾಗಿ ಕಾಗದ ಬರೆದರು, ಭಿತ್ತಿಪತ್ರ ಹಚ್ಚಿದರು, ಬೀದಿಗಿಳಿದರು. ದಲಿತ ಸಂಘರ್ಷ ಸಮಿತಿ ಹಳ್ಳಿಹಳ್ಳಿಗೆ ಹೋಗಿದ್ದು ಯಾರ ಸೈಕಲ್ ಮೇಲೆ? ಮೇಷ್ಟ್ರುಗಳ ಸೈಕಲ್ ಮೇಲೆ, ಹಾಸ್ಟೆಲ್ ಹುಡುಗರ ಕಾಲ್ನಡಿಗೆಯಲ್ಲಿ. ಆ ಮೇಷ್ಟ್ರುಗಳು ಈಗ ಎಲ್ಲಿದ್ದಾರೆ ಅಂತ ಕೇಳಿದರೆ ನನ್ನ ಸಹೋದ್ಯೋಗಿಗಳಿಗೆ ಸಿಟ್ಟು ಬರುತ್ತದೆ. ಬರಲಿ. ಬಿಡುವಿನ ವೇಳೆಯಲ್ಲಿ ಸೈಟು, ಚೀಟಿ, ತುಟ್ಟಿಭತ್ಯೆ, ಇದು ಬಿಟ್ಟು ಬೇರೆ ಮಾತು ಕೇಳಿ ನನಗೂ ಬಹಳ ದಿನ ಆಯಿತು.

'ಕಾಗದದಲ್ಲಿ ಏನ್ ಐತೆ ಸಾ, ಎಲ್ಲಾ ಕಾಗದದಲ್ಲೇ ಉಳೀತೈತೆ' ಅಂತ ಒಬ್ಬ ಹುಡುಗ ನನ್ನನ್ನು ಕೇಳಿದ. ಸರಿಯಾದ ಪ್ರಶ್ನೆ. ಅದಕ್ಕೆ ಉತ್ತರ ಮಹಾಡ್‌ನಲ್ಲಿದೆ. ಸಾರ್ವಜನಿಕ ಕೆರೆ ಬಾವಿಗಳು ಅಸ್ಪೃಶ್ಯರಿಗೂ ಮುಕ್ತ ಅಂತ ಮುಂಬಯಿ ಶಾಸನಸಭೆ 1923ರಲ್ಲೇ ನಿರ್ಣಯ ಮಾಡಿತ್ತು. ಮಂಡಿಸಿದವರು ಎಸ್. ಕೆ. ಬೋಲೆ. ಮಹಾಡ್ ಪುರಸಭೆ 1924ರಲ್ಲಿ ತನ್ನ ಚವದಾರ್ ಕೆರೆಯನ್ನು ಮುಕ್ತ ಅಂತ ಸಾರಿತು. ಕಾಗದದ ಮೇಲೆ ಕೆರೆ ನಮ್ಮದಾಯಿತು. ಮೂರು ವರ್ಷ ಒಂದು ಬೊಗಸೆ ನೀರು ಯಾರೂ ಮುಟ್ಟಲಿಲ್ಲ. 1927ರ ಮಾರ್ಚ್ 20ರಂದು ಅಂಬೇಡ್ಕರ್ ಮುಂದೆ, ಸಾವಿರಾರು ಜನ ಹಿಂದೆ ನಡೆದು ಹೋಗಿ ನೀರು ಕುಡಿದರು. ಅವತ್ತು ಕೆರೆ ನಿಜವಾಗಿ ನಮ್ಮದಾಯಿತು. ಏಟು ಬಿದ್ದವು. ಸವರ್ಣೀಯರು ಕೊಡ ಕೊಡ ಗಂಜಲ ಸಗಣಿ ಸುರಿದು ಕೆರೆಯನ್ನು 'ಶುದ್ಧಿ' ಮಾಡಿದರು. ಪುರಸಭೆ ಹೆದರಿ ಅದೇ ವರ್ಷ ತನ್ನ ನಿರ್ಣಯವನ್ನು ವಾಪಸು ತಗೊಂಡಿತು. ಆಗಲೂ ಬಾಬಾಸಾಹೇಬರು ಗೊಣಗಲಿಲ್ಲ. ಕೋರ್ಟಿನಲ್ಲಿ ಹತ್ತು ವರ್ಷ ಬಡಿದಾಡಿದರು. 1937ರ ಮಾರ್ಚಿನಲ್ಲಿ ಮುಂಬಯಿ ಹೈಕೋರ್ಟು ನಮ್ಮ ಪರ ತೀರ್ಪು ಕೊಟ್ಟಿತು. ಕಾಗದ ಇಲ್ಲದೆ ನಡೆದಿದ್ದರೆ ದೊಂಬಿ ಅನ್ನುತ್ತಿದ್ದರು. ನಡೆಯದೆ ಕಾಗದ ಇಟ್ಟುಕೊಂಡಿದ್ದರೆ ಗೆದ್ದಲು ತಿನ್ನುತ್ತಿತ್ತು. ಹುಡುಗನಿಗೆ ಇಷ್ಟು ಹೇಳಿದೆ. ಅವನು 'ಹಂಗಾರೆ ಎರಡೂ ಬೇಕು ಅನ್ರಿ' ಅಂದ.

ಇನ್ನು ಕಣ್ಣೆದುರಿನದೇ ಒಂದು ಪಾಠ. ನಾಯಕನಹಟ್ಟಿಯಿಂದ ಸ್ವಲ್ಪ ದೂರ ಹೋದರೆ ಕುದಾಪುರ, ವರವು ಕಾವಲು, ಆ ಕಡೆಗೆ ಉಳ್ಳಾರ್ತಿ ಕಾವಲು. ಅಮೃತ ಮಹಲ್ ಕಾವಲುಗಳು. ಅರಸರ ಕಾಲದಲ್ಲಿ, ಹೈದರ್ ಟಿಪ್ಪು ಕಾಲದಲ್ಲಿ ದಂಡಿನ ಎತ್ತುಗಳಿಗೆ ಮೀಸಲಿಟ್ಟ ಹುಲ್ಲುಗಾವಲು. ಆಮೇಲೆ ಸುತ್ತಲ ಹಳ್ಳಿಯ ಕುರಿ, ಮೇಕೆ, ದನ ಬದುಕಿದ್ದು ಅಲ್ಲೇ. ಕಂಬಳಿ ನೇಯುವ ಮನೆಗಳಿಗೆ ಉಣ್ಣೆ ಬಂದದ್ದು ಆ ಹುಲ್ಲಿನಿಂದ. 2007ರಿಂದೀಚೆಗೆ ಕೆಲವೇ ವರ್ಷಗಳಲ್ಲಿ ಅದರಲ್ಲಿ ಹತ್ತಿರ ಹತ್ತಿರ 10,000 ಎಕರೆ ಕೈ ಬದಲಾಯಿತು. ರಕ್ಷಣಾ ಸಂಶೋಧನಾ ಸಂಸ್ಥೆಗೆ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ, ಇಸ್ರೋಗೆ, ಭಾರತೀಯ ವಿಜ್ಞಾನ ಸಂಸ್ಥೆಗೆ, ಜತೆಗೆ ಒಂದು ಖಾಸಗಿ ಸೌರ ವಿದ್ಯುತ್ ಕಂಪನಿಗೂ. ಕುರಿ ಕಾಯುವವರನ್ನು ಒಂದು ಮಾತು ಕೇಳಲಿಲ್ಲ. ಅವರಿಗೆ ಗೊತ್ತಾದದ್ದು ಗೋಡೆ ಎದ್ದ ಮೇಲೆ.

ಗೋಡೆ ಎದ್ದ ಮೇಲೆ ಹೋಟೆಲುಗಳಲ್ಲಿ ಗೊಣಗಾಟವೂ ಎದ್ದಿತು, ಕೇಳಬೇಡಿ! ಆದರೆ ದೊಡ್ಡ ಉಳ್ಳಾರ್ತಿ ಕಡೆಯ ಕೆಲವರು ಬೆಂಚು ಬಿಟ್ಟು ಎದ್ದರು. ಮಾಹಿತಿ ಹಕ್ಕಿನಲ್ಲಿ ಕಾಗದ ತೆಗೆಸಿದರು. ಸಮಿತಿ ಕಟ್ಟಿದರು. ಬೆಂಗಳೂರಿನ ಎನ್ವಿರಾನ್ಮೆಂಟ್ ಸಪೋರ್ಟ್ ಗ್ರೂಪಿನವರು ಹಸಿರು ನ್ಯಾಯಮಂಡಳಿಗೆ ಹೋದರು. ನ್ಯಾಯಮಂಡಳಿ 2013ರಲ್ಲಿ ಸತ್ಯಶೋಧನಾ ಸಮಿತಿಯನ್ನು ಚಳ್ಳಕೆರೆಗೇ ಕಳಿಸಿತು. ಕಂಬಳಿ ಹೊದ್ದ ಕುರಿಗಾಹಿಯ ಮಾತನ್ನು ಅಧಿಕಾರಿಗಳು ಬರೆದುಕೊಳ್ಳಬೇಕಾಯಿತು. ಗೆದ್ದರೇ? ಇಲ್ಲ. 2014ರ ಆಗಸ್ಟಿನ ತೀರ್ಪಿನಲ್ಲಿ ಷರತ್ತು ಬಂದವು, ಕಾವಲು ವಾಪಸು ಬರಲಿಲ್ಲ. ಗೋಡೆ ಇದೆ. ಅದಕ್ಕೇ ಬೆಂಚಿನವರು 'ನೋಡ್ದ್ರಾ, ನಾವ್ ಅವತ್ತೇ ಹೇಳಿರ್ಲಿಲ್ವಾ' ಅಂತ ಮೀಸೆ ತಿರುವುತ್ತಾರೆ. ಅವರು ಅವತ್ತು ಹೇಳಿದ್ದು ಯಾರಿಗೆ? ಚಾ ಲೋಟಕ್ಕೆ. ಆ ಕುರಿಗಾಹಿಗಳು ಸೋತದ್ದು ಗೋಡೆ ಎದ್ದ ಮೇಲೆ ಹೊರಟದ್ದರಿಂದ, ಹೊರಟದ್ದರಿಂದ ಅಲ್ಲ. ಮಂಜೂರಾತಿ ಕಡತ ಮೇಜಿನಿಂದ ಮೇಜಿಗೆ ಓಡಾಡುತ್ತಿದ್ದ ದಿನಗಳಲ್ಲೇ ಒಬ್ಬ ಓದಿದ ಹುಡುಗ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿದ್ದರೆ ಏನಾಗುತ್ತಿತ್ತೋ. ನಮ್ಮ ಕಡೆ ಗ್ರಾಮಸಭೆಗೆ ಹೋಗುವುದು ಯಾರು? ನಡವಳಿ ಪುಸ್ತಕ ಮನೆ ಮನೆಗೆ ಬರುತ್ತದೆ, ನಾವು ಓದದೆ ಸಹಿ ಹಾಕಿ ಕಳಿಸುತ್ತೇವೆ.

ಮೊಳಕಾಲ್ಮೂರು, ಚಳ್ಳಕೆರೆ ಎರಡೂ 2008ರಿಂದ ಪರಿಶಿಷ್ಟ ಪಂಗಡಕ್ಕೆ ಮೀಸಲು ಕ್ಷೇತ್ರ. ಚಿತ್ರದುರ್ಗ ಲೋಕಸಭೆ ಪರಿಶಿಷ್ಟ ಜಾತಿಗೆ ಮೀಸಲು. ಹೇಳಿಕೊಳ್ಳುವುದಕ್ಕೆ ನಮ್ಮದೇ ರಾಜ್ಯ! ಅದಕ್ಕೇ ಈಗ ಹೊಸ ರೋಗವೊಂದು ಬಂದಿದೆ, ಮನವಿ ಪತ್ರದ ರೋಗ. ಹತ್ತು ಜನ ಶಲ್ಯ ಹಾಕಿಕೊಂಡು ಹೋಗುವುದು, ಸಾಹೇಬರ ಕೈಗೆ ಮನವಿ ಕೊಡುವುದು, ಫೋಟೋ ತೆಗೆಸುವುದು, ಅದನ್ನು ಮೊಬೈಲಿನಲ್ಲಿ ಊರಿಗೆಲ್ಲ ಹಂಚುವುದು. ಮನವಿಗೆ ಸ್ವೀಕೃತಿ ತಗೊಂಡಿರಾ ಅಂದರೆ ಇಲ್ಲ. ಹಿಂಬರಹ ಬಂತಾ ಅಂದರೆ ಇಲ್ಲ. ಒಂದು ತಿಂಗಳು ಬಿಟ್ಟು ಯಾರಾದರೂ ಹೋಗಿ ಕಡತ ಎಲ್ಲಿದೆ ಅಂತ ಕೇಳಿದಿರಾ ಅಂದರೆ ಮುಖ ತಿರುಗಿಸುತ್ತಾರೆ. ಇದು ಶಲ್ಯ ಹೊದ್ದ ಗೊಣಗಾಟ.

ನಾವು ಬರೆಯುವವರೇನು ಕಡಿಮೆಯೇ? ಅವ್ವನ ಕಣ್ಣೀರು, ಕೇರಿಯ ಕತ್ತಲು, ಹಸಿದ ಹೊಟ್ಟೆ, ಎಷ್ಟು ವರ್ಷದಿಂದ ಬರೆಯುತ್ತಿದ್ದೇವೆ? ಮೊದಲು ಬರೆದವರಿಗೆ ಅದು ಬೆಂಕಿಯಾಗಿತ್ತು, ಯಾಕೆಂದರೆ ಅವರು ಬೆಳಿಗ್ಗೆ ಮೆರವಣಿಗೆಯಲ್ಲಿದ್ದು ರಾತ್ರಿ ಬರೆಯುತ್ತಿದ್ದರು. ನಮಗೆ ಈಗ ಅದು ವಿಚಾರ ಸಂಕಿರಣದ ಪ್ರಬಂಧ. ಭತ್ಯೆ ಸಹಿತ. ನೋವನ್ನು ನಾವು ಬರೆಯುತ್ತೇವೆ, ಪ್ರಶಸ್ತಿಯನ್ನು ನೋವು ಕೊಟ್ಟವರ ಕೈಯಿಂದಲೇ ಇಸಗೊಳ್ಳುತ್ತೇವೆ. ಕವಿತೆ ಬಿಡಿ ಅಂತ ನಾನು ಹೇಳುವುದಿಲ್ಲ, ನಾನೂ ಬಿಟ್ಟಿಲ್ಲ. ಒಂದು ಕವಿತೆ ಬರೆದವರು ಅದೇ ವಾರ ಒಂದು ಅರ್ಜಿಯನ್ನೂ ಬರೆಯಿರಿ ಅಂತ ಕೇಳುತ್ತೇನೆ. ಅರ್ಜಿ ಬರೆಯುವುದು ಕವಿತೆಗಿಂತ ಕಷ್ಟ, ಬರೆದು ನೋಡಿ. ಅದರಲ್ಲಿ ಉಪಮೆ ನಡೆಯುವುದಿಲ್ಲ. ಚಕ್ಕುಬಂದಿ ಸರಿಯಾಗಿರಬೇಕು.

ವಿದ್ಯಾರ್ಥಿಗಳು ಇನ್ನೊಂದು ವಿಷಯ ಗಮನಿಸಬೇಕು. ದೌರ್ಜನ್ಯ ತಡೆ ಕಾಯಿದೆ 1989ರದು. ಅದಕ್ಕೆ ಆದ ತಿದ್ದುಪಡಿ 2016ರ ಜನವರಿಯಿಂದ ಜಾರಿಯಲ್ಲಿದೆ. ನೊಂದವರು ಬಾಯಲ್ಲಿ ಹೇಳಿದ್ದನ್ನು ಠಾಣೆಯವರು ಬರೆದುಕೊಂಡು, ಸಹಿ ಹಾಕಿಸುವುದಕ್ಕೆ ಮುಂಚೆ ಓದಿ ಹೇಳಬೇಕು. ಪ್ರತಿಯನ್ನು ಕೊಡಬೇಕು. ಬೇಕೆಂದೇ ಕರ್ತವ್ಯ ಮಾಡದ ಸರ್ಕಾರಿ ನೌಕರನಿಗೂ ಅದರಲ್ಲಿ ಶಿಕ್ಷೆ ಇದೆ. ನಾನೇ ಒಂದು ಸಲ ಕೇರಿಯ ಹೆಣ್ಣುಮಗಳೊಬ್ಬಳ ಜತೆ ಒಂದು ಠಾಣೆಗೆ ಹೋಗಿದ್ದೆ. 'ನಾಳೆ ಬರ್ರಿ ಮೇಷ್ಟ್ರೇ' ಅಂದರು. ಈ ಕಲಮನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದೆ, ಓದಿ ಹೇಳಿದೆ. ಕೈ ನಡುಗುತ್ತಿತ್ತು, ಸುಳ್ಳು ಯಾಕೆ ಹೇಳಲಿ. ಆ ಹೆಣ್ಣುಮಗಳ ಕೈ ನಡುಗಲಿಲ್ಲ. ದೂರು ಬರೆದುಕೊಂಡರು. ಹೊರಗೆ ಬಂದ ಮೇಲೆ ಅವಳು ಆ ಪ್ರತಿಯನ್ನು ನಾಲ್ಕು ಮಡಿಕೆ ಮಾಡಿ ಎಲೆ ಅಡಿಕೆ ಚೀಲದಲ್ಲಿ ಇಟ್ಟುಕೊಂಡು, 'ಇದನ್ನ ಯಾರಿಗೂ ಕೊಡಂಗಿಲ್ಲ ಅಲ್ವಾ ಸಾ?' ಅಂದಳು. ಅವಳಿಗೆ ನಾನು ವ್ಯಾಕರಣ ಹೇಳಿಕೊಡಬೇಕಾಗಿರಲಿಲ್ಲ.

ನಮ್ಮಪ್ಪ ಈಗ ಇಲ್ಲ. ಆ ಕವಿತೆ ಅಚ್ಚಾದ ಸಂಚಿಕೆ ಮನೆಯಲ್ಲಿದೆ, ತಾತನ ಸಾಗುವಳಿ ಚೀಟಿ ಹುಡುಕಿದರೆ ಸಿಗಲಿಲ್ಲ. ಅದರ ನಕಲು ತೆಗೆಸುವುದಕ್ಕೇ ಎಂಟು ತಿಂಗಳು ಓಡಾಡಿದೆ. ಓಡಾಟದಲ್ಲಿ ಒಂದು ವಿಷಯ ಗೊತ್ತಾಯಿತು. ನಮ್ಮ ತಾತನ ಜತೆ ಅದೇ ದರಖಾಸ್ತಿನಲ್ಲಿ ಭೂಮಿ ಮಂಜೂರಾದವರು ಇನ್ನೂ ಇದ್ದರು. ಆ ಪಟ್ಟಿಯನ್ನು ಕೈಯಾರೆ ಬರೆದುಕೊಂಡು ಬಂದಿದ್ದೇನೆ. ಅದರಲ್ಲಿರುವ ಹೆಸರುಗಳ ಮೊಮ್ಮಕ್ಕಳು ಕೆಲವರು ಬೆಂಗಳೂರಿನ ಗಾರ್ಮೆಂಟ್ಸಿನಲ್ಲಿದ್ದಾರೆ, ಕೆಲವರು ಇದೇ ಬೆಂಚುಗಳ ಮೇಲಿದ್ದಾರೆ, ಒಬ್ಬ ನನ್ನದೇ ಕ್ಲಾಸಿನಲ್ಲಿ ಮೂರನೇ ಸಾಲಿನಲ್ಲಿ ಕೂರುತ್ತಾನೆ. ಅವರಿಗೆ ಭೂಮಿ ಇತ್ತು ಅನ್ನುವುದೇ ಅವರಲ್ಲಿ ಹೆಚ್ಚಿನವರಿಗೆ ಗೊತ್ತಿಲ್ಲ.

ಭಾನುವಾರ ಬೆಳಿಗ್ಗೆ ಕೆರೆ ಏರಿಯ ಮೇಲೆ ಕೂರುತ್ತಿದ್ದೇವೆ. ಮೂರು ಜನ ಮೇಷ್ಟ್ರು, ಒಬ್ಬ ಕಾನೂನು ಓದುವ ಹುಡುಗ. ಪಹಣಿ ಇದ್ದರೆ ತನ್ನಿ. ಸಾಗುವಳಿ ಚೀಟಿ ಇದ್ದರೆ ತನ್ನಿ. ಏನೂ ಇಲ್ಲದಿದ್ದರೆ ಮನೆಯ ಹಿರಿಯರನ್ನು ಕರೆದುಕೊಂಡು ಬನ್ನಿ, ಹೊಲ ಎಲ್ಲಿತ್ತು ಅಂತ ಅವರು ಬೆರಳು ತೋರಿಸಿದರೆ ಸಾಕು. ಹಾಳೆ, ಪೆನ್ನು, ಹೆಬ್ಬೆಟ್ಟಿನ ಮಸಿ ನಮ್ಮ ಹತ್ತಿರ ಇದೆ. ಚಾ ಮಾತ್ರ ಇಲ್ಲ, ಕುಡಿದು ಬನ್ನಿ.